ಬೇಸಗೆಯ ಇರುಳುಗಳು



ಕಲ್ಕತ್ತೆಯ ದಕ್ಷಿಣ ಭಾಗದಲ್ಲಿ, ಅಲಿಪುರವೆಂಬ ಬಡಾವಣೆಯಲ್ಲಿ, 1877ರಿಂದಲೂ ಒಂದು ಹವಾಮಾನ ವೀಕ್ಷಣಾಲಯವು ನಡೆದುಬಂದಿದೆ. ನಮ್ಮ ದೇಶದ ಹವಾಮಾನ ಇಲಾಖೆಯು ಜನ್ಮತಾಳಿದ್ದೂ ಈ ನಗರದಲ್ಲಿಯೇ. 1864ರಲ್ಲಿ ಬಂಗಾಳ ಉಪಸಾಗರದಿಂದ ನುಗ್ಗಿಬಂದ ಚಂಡಮಾರುತವು ನಗರವನ್ನು ಹಾಳುಗೆಡವಿದ ಮೇಲೆ, ಅದರ ಬೆನ್ನಿಗೇ 1866ರಲ್ಲಿಯೂ 1871ರಲ್ಲಿಯೂ ಮುಂಗಾರು ಕೈಕೊಟ್ಟ ಮೇಲೆ, ಗಾಳಿ, ಮಳೆ, ಬಿಸಿಲುಗಳ ಲೆಕ್ಕವನ್ನು ದೇಶದಾದ್ಯಂತ ಒಂದೇ ಕ್ರಮದಲ್ಲಿ ಇಡದೆ ಗತ್ಯಂತರವಿಲ್ಲವೆಂದು ಮನಗಂಡ ಅಂದಿನ ಸರ್ಕಾರವು, 1875ರಲ್ಲಿ ಹೆನ್ರಿ ಬ್ಲಾನ್‌ಫರ್ಡ್ ಎಂಬ ವಿಜ್ಞಾನಿಯನ್ನು ಆ ಕಾರ್ಯಕ್ಕೆ ನಿಯಮಿಸಿತು. ಇಲಾಖೆಯ ಕೇಂದ್ರಸ್ಥಾನವು ಕಾಲಕ್ರಮದಲ್ಲಿ ಸಿಮ್ಲಾ, ಪುಣೆಗಳನ್ನು ಹಾದು ದೆಹಲಿಯನ್ನು ಸೇರಿತಾದರೂ ಅಲಿಪುರದ ದಿನಚರಿಯು ನಿಲ್ಲಲಿಲ್ಲ. ನಾನು ವಾಸಿಸುವ ಗರಿಯಾಹಾಟಿನಿಂದ ಆ ವೀಕ್ಷಣಾಲಯವು ಹೆಚ್ಚು ದೂರವಿಲ್ಲ. ಈ ನಗರದ ಬಿಸಿಲನ್ನು ಕುರಿತು ನಾವು ಓದುವ, ಕೇಳುವ ಅಂಕಿಗಳೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಹೊರಡತಕ್ಕವು.

ಆ ದಿನಚರಿಯಲ್ಲಿ 1924ನೆಯ ವರ್ಷದ ಜೂನ್ ತಿಂಗಳಿಗೆ ಸೇರಿದ ಒಂದು ಅಂಕಿಯಿದೆ: 43.9 ಡಿಗ್ರಿ ಸೆಲ್ಸಿಯಸ್. ಕಲ್ಕತ್ತೆಯ ಇದುವರೆಗಿನ ಪರಮಾವಧಿ ಉಷ್ಣಮಾನವು ಅದೇ. ಆಗ ಆ ವೀಕ್ಷಣಾಲಯದ ಅಧಿಕಾರಿಯಾಗಿದ್ದವರು ಪ್ರಶಾಂತಚಂದ್ರ ಮಹಾಲನೋಬೀಸರು. ಮುಂದೆ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿ ಜಗದ್ವಿಖ್ಯಾತರಾದ ಆ ಮಹನೀಯರು 1922ರಿಂದ 1926ರವರೆಗೆ ಈ ಗಾಳಿ ಬಿಸಿಲುಗಳ ಲೆಕ್ಕದಲ್ಲಿಯೇ ತೊಡಗಿದ್ದರು. ನೂರು ವರ್ಷಗಳ ಹಿಂದಿನ ಆ ಅಂಕಿಯನ್ನು ಇನ್ನೂ ಯಾವ ವರ್ಷವೂ ಮೀರಿಲ್ಲವೆಂಬುದನ್ನು ಮುಂದಿಟ್ಟುಕೊಂಡು, ಬೇಸಗೆಯೆಂದರೆ ಅಂದೂ ಇಂದೂ ಒಂದೇ, ಈಗಿನವರು ಮಾತ್ರ ಸುಕುಮಾರರಾಗಿ ಬಾಯಿಬಾಯಿ ಬಿಡುತ್ತಾರೆ ಎಂದು ವಾದಿಸುವ ಹಿರಿಯರನ್ನು ನಾನು ಈ ನಗರದಲ್ಲಿಯೂ ಕಂಡಿದ್ದೇನೆ, ಕೃಷ್ಣೆ ತುಂಗಭದ್ರೆಯರ ನಡುವಣ ನನ್ನ ಎಡೆದೊರೆ ನಾಡಿನಲ್ಲಿಯೂ ಕಂಡಿದ್ದೇನೆ. ಅವರ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ತಕ್ಕ ಉತ್ತರವನ್ನು ಹೇಳಬೇಕಾದರೆ, ಬಿಸಿಲನ್ನು ನಾವು ಅಳೆಯುವ ಬಗೆ ಯಾವುದು, ಆ ಅಳತೆಗೆ ಸಿಕ್ಕುವುದೇನು, ಸಿಕ್ಕದೆ ಉಳಿಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ.

ಹವಾಮಾನ ಇಲಾಖೆಯವರು ಬಯಲು ಸೀಮೆಯಲ್ಲಿ ಉಷ್ಣ ಅಲೆ ಅಥವಾ ಬಿಸಿಗಾಳಿ ಎಂದು ಸಾರಬೇಕಾದರೆ, ಹಗಲಿನ ಗರಿಷ್ಠ ಉಷ್ಣಮಾನವು ಕನಿಷ್ಠಪಕ್ಷ 40 ಡಿಗ್ರಿಯನ್ನು ಮುಟ್ಟಿರಬೇಕು, ಅಲ್ಲದೆ ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಗಳಷ್ಟಾದರೂ ಮೇಲಿರಬೇಕು. ವಾಡಿಕೆ ಏನೇ ಇರಲಿ, 45 ಡಿಗ್ರಿಯನ್ನು ಮುಟ್ಟಿದರೆ ಅದು ಬಿಸಿಗಾಳಿಯೇ, 47ನ್ನು ಮುಟ್ಟಿದರೆ ತೀವ್ರ ಬಿಸಿಗಾಳಿ. ಕರಾವಳಿಗೆ 37 ಡಿಗ್ರಿಯ ಮೇರೆ, ಗುಡ್ಡಗಾಡಿಗೆ 30 ಡಿಗ್ರಿಯ ಮೇರೆ. ಒಂದು ಹವಾಮಾನ ಉಪವಿಭಾಗದಲ್ಲಿ ಎರಡು ಠಾಣೆಗಳಲ್ಲಾದರೂ ಎರಡು ದಿನಗಳಾದರೂ ಈ ಸ್ಥಿತಿಯು ನಿಂತಿರಬೇಕೆಂಬ ನಿಯಮವೂ ಉಂಟು. ಶಾಸ್ತ್ರಕ್ಕೆ ಇಂತಹ ಮೇರೆಗಳಿಲ್ಲದೆ ನಡೆಯದು. ಒಂದು ವರ್ಷವನ್ನು ಇನ್ನೊಂದರೊಡನೆ, ಒಂದು ಸೀಮೆಯನ್ನು ಇನ್ನೊಂದರೊಡನೆ ಹೋಲಿಸಲು ನಮಗೆ ದೊರೆತಿರುವ ಕೋಲು ಇದು. ಆದರೆ ಈ ಕೋಲು ಮುಖ್ಯವಾಗಿ ಹಗಲನ್ನು ಅಳೆಯುವ ಕೋಲು, ಒಣಗಾಳಿಯನ್ನು ಅಳೆಯುವ ಕೋಲು ಎಂಬುದನ್ನು ಮರೆಯಲಾಗದು.

ಒಣಗಾಳಿಯ ಮಾತು ಬಂದುದರಿಂದ ಅದರ ಮನೆಯನ್ನು ಹೇಳುತ್ತೇನೆ. ಕಲ್ಕತ್ತೆಯೆಂದರೆ ನದಿ, ಕೊಳ, ಕೆಸರು, ಮೀನು ಎಂದಷ್ಟೇ ತಿಳಿದಿರುವ ನಮ್ಮ ಜನಕ್ಕೆ, ಬಂಗಾಳದ ಪಶ್ಚಿಮಾರ್ಧವು ನಮ್ಮ ರಾಯಚೂರು ಕಲಬುರಗಿಗಳಂತೆಯೇ ಬಿಸಿಲಿಗೆ ಕಾದು ಬಿರಿಯುವ ನೆಲವೆಂಬುದು ಹೊಸ ಸಂಗತಿಯಾಗಿ ಕಾಣಬಹುದು. ಪುರೂಲಿಯಾ, ಬಾಂಕುಡಾ, ಬೀರಭೂಮ್, ಝಾಡಗ್ರಾಮ್ ಮೊದಲಾದ ಜಿಲ್ಲೆಗಳು ಛೋಟಾನಾಗಪುರ ಪ್ರಸ್ಥಭೂಮಿಯ ಅಂಚಿನಲ್ಲಿರುವ ಕೆಂಪು ಮುರಕಲ್ಲಿನ ಸೀಮೆಗಳು. ರಾಢ ಎಂಬುದು ಆ ಪ್ರಾಂತದ ಪ್ರಾಚೀನ ನಾಮಧೇಯ. ಚೈತ್ರ ವೈಶಾಖಗಳಲ್ಲಿ ಮೇಲ್ಗಾಳಿಯು ಕೆಳಕ್ಕೆ ಕುಸಿದು, ಕುಸಿಯುವಾಗ ಅದುಮಲ್ಪಟ್ಟು ಕಾದು, ಮೋಡವನ್ನು ಕಟ್ಟಗೊಡದೆ ಆಕಾಶವನ್ನು ಬರಿದುಮಾಡಿದಾಗ, ತೇವವೆಲ್ಲ ಆರಿಹೋದ ನೆಲವು ಸೂರ್ಯನ ಶಾಖವನ್ನು ನೀರನ್ನಾರಿಸುವುದಕ್ಕೆ ವ್ಯಯಮಾಡಲಾರದೆ ಗಾಳಿಗೇ ಒಪ್ಪಿಸಿಬಿಡುತ್ತದೆ. ಪಡುವಣ ಗಾಳಿಯು ಆ ಶಾಖವನ್ನು ಹೊತ್ತು ಪೂರ್ವಕ್ಕೆ ಬರುತ್ತದೆ. ಸಾಮಾನ್ಯ ವರ್ಷಗಳಲ್ಲಿ ಕಡಲಿನ ತೇವಗಾಳಿಯು ಅದನ್ನು ನಗರದ ಹೊರಗೇ ತಡೆದು ನಿಲ್ಲಿಸುತ್ತದೆ; ಎರಡೂ ಗಾಳಿಗಳು ಸಂಧಿಸುವೆಡೆಯಲ್ಲಿ ಕಾಲ್‌ಬೈಶಾಖಿ ಎಂಬ ಸಂಜೆಯ ಗುಡುಗುಮಳೆ ಎದ್ದು ಒಂದು ಗಳಿಗೆಯಲ್ಲಿ ಊರನ್ನು ತಂಪುಮಾಡುತ್ತದೆ. ತೇವಗಾಳಿಯು ಹಿಂಜರಿದು ಆ ಮಳೆಯು ವಾರಗಟ್ಟಲೆ ಬಾರದೆ ಹೋದಾಗ ರಾಢದ ಬಿಸಿಲು ನೇರವಾಗಿ ಗಂಗೆಯ ದಡಕ್ಕೆ ಇಳಿಯುತ್ತದೆ.

2024ರ ಏಪ್ರಿಲ್ ತಿಂಗಳಲ್ಲಿ ನಡೆದದ್ದು ಅದೇ. ಆ ತಿಂಗಳ 30ರಂದು ಪಶ್ಚಿಮ ಮೇದಿನೀಪುರದ ಕಲಾಯಿಕುಂಡಾದಲ್ಲಿ 47.2 ಡಿಗ್ರಿ, ಅಲಿಪುರದಲ್ಲಿ 43 ಡಿಗ್ರಿ ದಾಖಲಾದವು. ಏಪ್ರಿಲ್ ತಿಂಗಳಿನಲ್ಲಿ ಕಲ್ಕತ್ತೆಯು ಅದಕ್ಕಿಂತ ಹೆಚ್ಚಿನ ಬಿಸಿಲನ್ನು ಕಂಡದ್ದು 1954ರಲ್ಲಿ, 43.3 ಡಿಗ್ರಿ. ಶಾಲೆಗಳ ಬೇಸಗೆ ರಜೆಯನ್ನು ಸರ್ಕಾರವು ಏಪ್ರಿಲ್ 22ಕ್ಕೇ ಹಿಂದೂಡಬೇಕಾಯಿತು. ಇಲ್ಲಿಯ ದೂರದರ್ಶನ ಕೇಂದ್ರದಲ್ಲಿ ವಾರ್ತಾವಾಚಕಿಯೊಬ್ಬರು ಉಷ್ಣ ಅಲೆಯ ಸುದ್ದಿಯನ್ನು ಓದುತ್ತಿದ್ದ ಹಾಗೆಯೇ ಪ್ರಜ್ಞೆ ತಪ್ಪಿದರೆಂಬುದು ದೇಶವೆಲ್ಲ ತಿಳಿದ ವಿಷಯ. ಆದರೂ, ನೋಡಿ, 1954ರ ಅಂಕಿಯಾಗಲಿ 1924ರ ಅಂಕಿಯಾಗಲಿ ಮುರಿಯಲಿಲ್ಲ. ಶಿಖರವನ್ನಷ್ಟೇ ನೋಡುವ ಕಣ್ಣಿಗೆ ಏನೂ ಬದಲಾಗಿಲ್ಲವೆಂದೇ ತೋರುತ್ತದೆ.

ಗರಿಯಾಹಾಟಿನ ಕಾಲುಹಾದಿಗೆ ಬಂದರೆ ನೋಟವು ಬೇರೆಯಾಗುತ್ತದೆ. ರಾಸಬಿಹಾರೀ ಅವೆನ್ಯೂ ಮತ್ತು ಗರಿಯಾಹಾಟ್ ರಸ್ತೆ ಕೂಡುವ ಆ ನಾಲ್ಕು ದಾರಿಯ ಎರಡು ಮಗ್ಗುಲುಗಳಲ್ಲಿಯೂ, ಅಂಗಡಿಗಳ ಮುಂದೆ, ಮೇಲ್ಸೇತುವೆಯ ಕೆಳಗೆ, ಸೀರೆ, ಸೆರಗು, ಬಳೆ, ಪಾತ್ರೆ, ಹಾಸಿಗೆಯ ಹೊದಿಕೆ, ಮಕ್ಕಳ ಅಂಗಿಗಳನ್ನು ಹರವಿಕೊಂಡ ಹಾಕರುಗಳು ದಶಕಗಳಿಂದ ಬೀಡುಬಿಟ್ಟಿದ್ದಾರೆ. 1996ರ ನವೆಂಬರಿನಲ್ಲಿ ‘ಆಪರೇಷನ್ ಸನ್‌ಶೈನ್’ ಎಂಬ ಹೆಸರಿನಿಂದ ಅವರನ್ನು ಎಬ್ಬಿಸಲಾಯಿತು. ಅವರು ಹಿಂತಿರುಗಿ ಬಂದರು. ಬಂಗಾಳಿ ವರ್ಷವು ಮುಗಿಯುವ ತಿಂಗಳಿನಲ್ಲಿ, ಅಂದರೆ ಮಾರ್ಚಿನ ನಡುವಿನಿಂದ ಏಪ್ರಿಲಿನ ನಡುವಿನವರೆಗೆ, ಇಲ್ಲಿ ‘ಚೈತ್ರ ಸೇಲ್’ ನಡೆಯುತ್ತದೆ; ಹೊಸವರ್ಷದ ಪೊಯ್ಲಾ ಬೈಶಾಖಕ್ಕೆ ಬಟ್ಟೆಕೊಳ್ಳಲು ಮಧ್ಯಮವರ್ಗವೆಲ್ಲ ಇಲ್ಲಿಗೆ ಮುಗಿಬೀಳುತ್ತದೆ. ವರ್ಷದ ಸಂಪಾದನೆಯಲ್ಲಿ ದುರ್ಗಾಪೂಜೆಯನ್ನು ಬಿಟ್ಟರೆ ಹಾಕರುಗಳಿಗೆ ಇದೇ ಸುಗ್ಗಿ. ಸುಗ್ಗಿಯ ಆ ನಾಲ್ಕು ವಾರಗಳೂ ಬಿಸಿಲೇರುವ ವಾರಗಳೇ. ತಗಡಿನ ಮಾಡು, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ, ಎರಡು ಮಗ್ಗುಲಿಗೂ ನೇತುಹಾಕಿದ ಬಟ್ಟೆಗಳ ಗೋಡೆ, ಮಾಡಿನ ತುದಿಯಲ್ಲಿ ಉರಿಯುವ ದೀಪಗಳು, ಹಿಂದಿನ ದೊಡ್ಡ ಅಂಗಡಿಗಳ ಹವಾನಿಯಂತ್ರಣ ಯಂತ್ರಗಳು ಹೊರಕ್ಕೆ ಊದುವ ಉಸಿರು, ಮುಂದೆ ಬಸ್ಸುಗಳ ಹೊಗೆ: ಇವುಗಳ ನಡುವೆ ಆಳೊಬ್ಬನು ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ನಿಂತಿರುತ್ತಾನೆ. ಅಲಿಪುರದ ಹುಲ್ಲಂಗಳದ ಉಷ್ಣಮಾಪಕವು, ಬಿಳಿಬಣ್ಣದ ಮರದ ಪೆಟ್ಟಿಗೆಯ ನೆರಳಿನಲ್ಲಿ, ಪಟ್ಟಿಗಳ ಸಂದಿನಿಂದ ಗಾಳಿಯಾಡಲೆಂದು ಜೋಪಾನವಾಗಿ ಇಡಲ್ಪಟ್ಟದ್ದು. ಅದು ಹೇಳುವುದು ನಿರ್ಮಲವಾದ ಗಾಳಿಯ ಉಷ್ಣಮಾನವನ್ನು. ಈ ಮಾಡಿನ ಕೆಳಗಣ ಗಾಳಿಗೂ ಅದಕ್ಕೂ ಇರುವ ಅಂತರವನ್ನು ಯಾರ ದಿನಚರಿಯೂ ಬರೆದುಕೊಳ್ಳುವುದಿಲ್ಲ.

ಇನ್ನು ತೇವಾಂಶದ ಮಾತು. ಮಣ್ಣಿನ ಹೂಜಿಯೊಳಗಿನ ನೀರು ತಣ್ಣಗಾಗುವುದು ಹೊರಮೈಯ ಒಸರು ಆರುವುದರಿಂದ. ಸುತ್ತಣ ಗಾಳಿಯೇ ನೀರಿನಿಂದ ತುಂಬಿದ್ದರೆ ಒಸರು ಆರದು, ನೀರು ತಣಿಯದು. ನಮ್ಮ ಶರೀರವೂ ಹಾಗೆಯೇ ಬೆವರನ್ನಾರಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಸುತ್ತಿದ ಉಷ್ಣಮಾಪಕವು ತೋರುವ ಅಂಕಿಯನ್ನು, ಅಂದರೆ ಆರ್ದ್ರ ಉಷ್ಣಮಾನವನ್ನು, ವಿಜ್ಞಾನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದಕ್ಕಾಗಿಯೇ. ರಾಯಚೂರಿನ ಕಡೆಯ ಒಂದು ಮಧ್ಯಾಹ್ನದಲ್ಲಿ 43 ಡಿಗ್ರಿ ಬಿಸಿಲು, ಶೇಕಡ 15ರ ತೇವಾಂಶ ಇದ್ದರೆ ಆರ್ದ್ರ ಉಷ್ಣಮಾನವು ಸುಮಾರು 23 ಡಿಗ್ರಿ ಆಗುತ್ತದೆ. ಗರಿಯಾಹಾಟಿನ ಒಂದು ಮಧ್ಯಾಹ್ನದಲ್ಲಿ ಕೇವಲ 36 ಡಿಗ್ರಿ, ಶೇಕಡ 60ರ ತೇವಾಂಶ ಇದ್ದರೆ ಅದು 29ನ್ನು ದಾಟುತ್ತದೆ. ಮೊದಲನೆಯದರಲ್ಲಿ ಬೆವರು ಕಾಣುವ ಮೊದಲೇ ಆರಿಹೋಗಿ ಬಾಯಿ ಒಣಗುತ್ತದೆ; ನೀರು ಕುಡಿದು ನೆರಳು ಸೇರಿದವನು ಬಹುಮಟ್ಟಿಗೆ ಬದುಕಿಕೊಳ್ಳುತ್ತಾನೆ. ಎರಡನೆಯದರಲ್ಲಿ ಬೆವರು ಧಾರೆಯಾಗಿ ಇಳಿದರೂ ತಂಪನ್ನು ಕೊಡುವುದಿಲ್ಲ. ನೆರಳಿನಲ್ಲಿಯೂ ಎದೆಯು ಡವಗುಟ್ಟುತ್ತದೆ. ಆರ್ದ್ರ ಉಷ್ಣಮಾನವು 35ನ್ನು ಮುಟ್ಟಿದರೆ ಮಾನವಶರೀರವು ಹೆಚ್ಚು ಹೊತ್ತು ತಡೆಯಲಾರದೆಂದು ವಿಜ್ಞಾನಿಗಳು 2010ರಲ್ಲಿ ಲೆಕ್ಕಹಾಕಿದ್ದರು. ಅಮೆರಿಕದ ಪೆನ್‌ಸಿಲ್ವೇನಿಯಾದಲ್ಲಿ ಆರೋಗ್ಯವಂತ ತರುಣರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಆ ಮೇರೆಯನ್ನು ತೇವದ ಹವೆಯಲ್ಲಿ ಸುಮಾರು 31ಕ್ಕೇ ಇಳಿಸಿವೆ. ತರುಣರ ಮೇರೆಯೇ ಹೀಗಿದ್ದರೆ, ಅರವತ್ತು ದಾಟಿ ತಗಡಿನ ಕೆಳಗೆ ನಿಂತಿರುವವನ ಮೇರೆ ಎಷ್ಟಿದ್ದೀತು? 36 ಡಿಗ್ರಿಯ ಆ ದಿನವನ್ನು ಬಯಲು ಸೀಮೆಯ ನಿಯಮದ ಪ್ರಕಾರ ಬಿಸಿಗಾಳಿಯೆಂದು ಸಾರುವ ಹಾಗಿಲ್ಲವೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಆದರೆ ನಾನು ಈ ದಿನ ಮುಖ್ಯವಾಗಿ ಹೇಳಹೊರಟಿರುವುದು ಇರುಳನ್ನು ಕುರಿತು. ನಮ್ಮೂರಿನಲ್ಲಿ ಎಂತಹ ಉರಿಬಿಸಿಲಿನ ದಿನವಾದರೂ ಹೊತ್ತು ಮುಳುಗಿ ಎರಡು ಜಾವ ಕಳೆದ ಮೇಲೆ ಮಣ್ಣಿನ ಮಾಳಿಗೆಯ ಮೇಲೆ ಹಾಸಿದ ಜಮಖಾನೆ ತಣ್ಣಗಾಗುತ್ತಿತ್ತು. ಒಣಗಾಳಿಗೆ ಶಾಖವನ್ನು ಹಿಡಿದಿಡುವ ಶಕ್ತಿ ಕಡಿಮೆಯಾದುದರಿಂದ ನೆಲವು ಹಗಲಿನಲ್ಲಿ ಕೊಂಡದ್ದನ್ನೆಲ್ಲ ಇರುಳು ಆಕಾಶಕ್ಕೆ ಹಿಂದಿರುಗಿಸಿಬಿಡುತ್ತಿತ್ತು. ಹಗಲೆಲ್ಲ ಬಳಲಿದ ಹೃದಯ ಮೂತ್ರಪಿಂಡಗಳಿಗೆ ಆ ನಾಲ್ಕೈದು ಗಂಟೆಗಳ ತಂಪೇ ಔಷಧ. ಇಲ್ಲಿಯ ಕಾಲುಹಾದಿಯಲ್ಲಿ ಸೀರೆ ಮಾರುವ ವೃದ್ಧರೊಬ್ಬರು, ಬಾಲಿಗಂಜ್ ನಿಲ್ದಾಣದಿಂದ ಕೊನೆಯ ಗಾಡಿಗಳಲ್ಲೊಂದನ್ನು ಹಿಡಿದು ದಕ್ಷಿಣ ಇಪ್ಪತ್ನಾಲ್ಕು ಪರಗಣದ ತಮ್ಮ ಹಳ್ಳಿಗೆ ಮರಳತಕ್ಕವರು, ಒಮ್ಮೆ ನನ್ನೊಡನೆ ಹೇಳಿದರು: “ಹಗಲನ್ನು ಹೇಗೋ ಕಳೆಯುತ್ತೇನೆ, ದಾದಾ. ಮನೆಗೆ ಹೋಗಿ ಮಲಗಿದರೆ ಆಸ್‌ಬೆಸ್ಟಾಸ್ ಮಾಡು ಇನ್ನೂ ಸುಡುತ್ತಿರುತ್ತದೆ. ನಿದ್ದೆಯಿಲ್ಲದೆ ಎದ್ದು ಮತ್ತೆ ಬರುತ್ತೇನೆ. ಮೂರನೆಯ ದಿನಕ್ಕೆ ಕೈಕಾಲು ಮಾತು ಕೇಳುವುದಿಲ್ಲ.” ಮೂರನೆಯ ದಿನವೆಂದು ಅವರು ಹೇಳಿದ್ದು ವೈದ್ಯಶಾಸ್ತ್ರಕ್ಕೂ ಸಮ್ಮತವಾದ ಮಾತು, ಉಷ್ಣ ಅಲೆಯ ಸಾವುಗಳು ಏರುವುದು ಮೊದಲ ಮಧ್ಯಾಹ್ನದಲ್ಲಿ ಅಷ್ಟಾಗಿ ಅಲ್ಲ, ವಿಶ್ರಾಂತಿಯಿಲ್ಲದ ಇರುಳುಗಳು ಒಂದರಮೇಲೊಂದು ಕೂಡಿಬಂದಾಗ. 2003ರ ಆಗಸ್ಟಿನಲ್ಲಿ ಪ್ಯಾರಿಸ್ ನಗರದ ಮಹಡಿಯ ಕೋಣೆಗಳಲ್ಲಿ ಒಂಟಿಯಾಗಿದ್ದ ಮುದುಕರು ಸತ್ತದ್ದೂ ಹೀಗೆಯೇ. ಆ ಬೇಸಗೆಯಲ್ಲಿ ಯುರೋಪ್ ಖಂಡವು ಕಳೆದುಕೊಂಡ ಜನ 70,000ಕ್ಕೂ ಮಿಕ್ಕವರು. ಸಿರಿವಂತ ದೇಶಗಳಿಗೂ ಆಗ ಎಚ್ಚರವಿರಲಿಲ್ಲ.

ಹಾಗಾದರೆ ದೀರ್ಘಕಾಲದ ಲೆಕ್ಕವು ಏನನ್ನು ಹೇಳುತ್ತದೆ? ಕೇಂದ್ರದ ಭೂವಿಜ್ಞಾನ ಮಂತ್ರಾಲಯವು 2020ರಲ್ಲಿ ಪ್ರಕಟಿಸಿದ ವರದಿಯಂತೆ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಮಾನವು ಸುಮಾರು 0.7 ಡಿಗ್ರಿ ಏರಿದೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ಸರಾಸರಿಯಲ್ಲಿ ಇಷ್ಟು ಸಣ್ಣ ಪಲ್ಲಟವಾದರೆ ತುತ್ತತುದಿಯ ದಿನಗಳ ಸಂಖ್ಯೆಯಲ್ಲಿ ಎಷ್ಟು ದೊಡ್ಡ ಪಲ್ಲಟವಾಗುವುದೆಂಬುದು ಮಹಾಲನೋಬೀಸರ ಶಾಸ್ತ್ರವನ್ನು ಬಲ್ಲವರಿಗೆ ವಿದಿತವೇ ಇದೆ. ಕೈಗಾರಿಕೆಗಳು ತಲೆಯೆತ್ತುವ ಮುಂಚೆ ಹತ್ತು ವರ್ಷಗಳಿಗೊಮ್ಮೆ ಬರುತ್ತಿದ್ದಂತಹ ಉರಿದಿನವು, ಲೋಕವು ಒಂದು ಡಿಗ್ರಿ ಕಾದಿರುವಾಗ ಹತ್ತು ವರ್ಷಗಳಲ್ಲಿ 2.8 ಸಲ ಬರುತ್ತದೆ. ಒಂದೂವರೆ ಡಿಗ್ರಿ ಕಾದರೆ 4.1 ಸಲ, ಎರಡು ಡಿಗ್ರಿ ಕಾದರೆ 5.6 ಸಲ. ಇದು ಭೂಭಾಗಗಳಿಗೆಲ್ಲ ಒಟ್ಟಾಗಿ, ಹವಾಮಾನ ಬದಲಾವಣೆಯನ್ನು ಕುರಿತ ಅಂತರ್‌ಸರ್ಕಾರಿ ಮಂಡಳಿಯಾದ ಐ.ಪಿ.ಸಿ.ಸಿ.ಯ 2021ರ ವರದಿ ಕೊಟ್ಟ ಲೆಕ್ಕ. 2024ನೆಯ ವರ್ಷವೊಂದನ್ನೇ ತೆಗೆದುಕೊಂಡರೆ ಲೋಕದ ಸರಾಸರಿಯು ಆ ಒಂದೂವರೆ ಡಿಗ್ರಿಯ ಗೆರೆಯನ್ನು ದಾಟಿತ್ತು. ನಮ್ಮ ದೇಶದ ವಾಯವ್ಯ ಮತ್ತು ಮಧ್ಯ ಭಾಗಗಳಲ್ಲಿ 1961ರಿಂದ ಈಚೆಗೆ ಬಿಸಿಗಾಳಿಗಳು ಹೆಚ್ಚು ಸಲ ಬರುತ್ತಿವೆ, ಬಂದವು ಹೆಚ್ಚು ದಿನ ನಿಲ್ಲುತ್ತಿವೆ, ಪೆಸಿಫಿಕ್ ಸಾಗರದಲ್ಲಿ ಎಲ್ ನೀನ್ಯೋ ಎಂಬ ಕಡಲ ಕಾವು ಕಾಣಿಸಿಕೊಂಡದ್ದರ ಮರುವರ್ಷ ಅವು ಇನ್ನೂ ಬಲವಾಗುತ್ತವೆ ಎಂಬುದನ್ನು ನಮ್ಮ ವಿಜ್ಞಾನಿಗಳೇ ತೋರಿಸಿಕೊಟ್ಟಿದ್ದಾರೆ. 1960ರಿಂದ 2009ರೊಳಗೆ ದೇಶದ ಬೇಸಗೆಯು ಅರ್ಧ ಡಿಗ್ರಿಯಷ್ಟು ಏರಿತು. ನೂರಕ್ಕಿಂತ ಹೆಚ್ಚು ಜನ ಸಾಯುವಂತಹ ಉಷ್ಣ ಅಲೆಯ ಸಂಭವವು ಅಷ್ಟರಿಂದಲೇ ಶೇಕಡ 146ರಷ್ಟು ಹೆಚ್ಚಿತು. ಅರ್ಧ ಡಿಗ್ರಿಯ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಯನ್ನು ನಾನು ಕಂಡಿಲ್ಲ.

ಗಂಗೆಯ ಬಯಲಿನ ಕಥೆ ಮಾತ್ರ ಅಷ್ಟು ಸರಳವಲ್ಲ, ಮತ್ತು ನಮ್ಮ ಹಿರಿಯರ ವಾದಕ್ಕೆ ನಿಜವಾದ ಉತ್ತರವಿರುವುದು ಅಲ್ಲಿಯೇ. ದೇಶದ ಇತರ ಭಾಗಗಳಲ್ಲಿ ಹಗಲಿನ ಬಿಸಿಲು ಏರಿದಷ್ಟು ಈ ಬಯಲಿನಲ್ಲಿ ಏರದಿರುವುದು ದಿಟ. ಅದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳು ಎರಡು. ಕಲ್ಲಿದ್ದಲು, ಸೌದೆ, ಕೂಳೆಗಳ ಹೊಗೆಯಿಂದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಪರದೆಯು ಸೂರ್ಯಕಿರಣಗಳ ಒಂದಂಶವನ್ನು ಮೇಲೆಯೇ ತಡೆಯುತ್ತದೆ. ಹಸಿರುಕ್ರಾಂತಿಯ ತರುವಾಯ ಕೊಳವೆಬಾವಿ ಕಾಲುವೆಗಳಿಂದ ಬೇಸಗೆಯಲ್ಲಿಯೂ ನೀರುಂಡ ನೆಲವು ಆ ನೀರನ್ನಾರಿಸುವುದರಲ್ಲಿ ಶಾಖವನ್ನು ಕಳೆಯುತ್ತದೆ. ಹೀಗಾಗಿ ಒಣ ಉಷ್ಣಮಾಪಕವು ತಗ್ಗಿಯೇ ನಿಲ್ಲುತ್ತದೆ. ಆದರೆ ನೆಲದಿಂದೆದ್ದ ಆ ನೀರು ಎಲ್ಲಿಗೆ ಹೋಗುತ್ತದೆ? ಗಾಳಿಗೇ ಸೇರುತ್ತದೆ. ಗಾಂಧಿನಗರದ ಐ.ಐ.ಟಿ.ಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ 2020ರಲ್ಲಿ ತೋರಿಸಿದಂತೆ, ನೀರಾವರಿಯು ಒಣಬಿಸಿಲನ್ನು ತಗ್ಗಿಸುವುದಾದರೂ ತೇವದ ಧಗೆಯನ್ನು ಹೆಚ್ಚಿಸುತ್ತದೆ. ಇದಕ್ಕೆ ಕಡಲೂ ಜೊತೆಗೂಡಿದೆ: ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಒಂದು ಡಿಗ್ರಿಯಷ್ಟು ಕಾದಿದೆ, ಗಾಳಿಯು ಒಂದು ಡಿಗ್ರಿ ಕಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಹೊರೆ ಹೊತ್ತ ಗಾಳಿಯು ಇರುಳು ನೆಲದ ಶಾಖವನ್ನು ಬಿಟ್ಟುಕೊಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಪೂರ್ವ ಮತ್ತು ಈಶಾನ್ಯ ಭಾರತದ ಇರುಳಿನ ಸರಾಸರಿ ಉಷ್ಣಮಾನವು 1901ರಿಂದೀಚೆಗಿನ ಏಪ್ರಿಲ್‌ಗಳಲ್ಲಿಯೇ ಅತ್ಯಧಿಕವಾಗಿತ್ತೆಂದು ಹವಾಮಾನ ಇಲಾಖೆಯೇ ಹೇಳಿತು. ನಗರದ ಹಗಲಿನ ಬಿಸಿಲು 1954ರ ದಾಖಲೆಯ ಕೆಳಗೆ ನಿಂತ ತಿಂಗಳಿನಲ್ಲಿ ಸುತ್ತಣ ಪ್ರಾಂತದ ಇರುಳಿನ ದಾಖಲೆಯು ಮುರಿಯಿತೆಂಬ ಈ ಒಂದು ಸಂಗತಿಯನ್ನು ಹಿರಿಯರ ಮುಂದೆ ಇಡಬೇಕೆಂಬುದು ನನ್ನ ಆಶಯ. ಹೊಗೆಯ ಪರದೆಯು ಶಾಶ್ವತವೂ ಅಲ್ಲ, ಇರಬೇಕಾದದ್ದೂ ಅಲ್ಲ. ಜನದ ಶ್ವಾಸಕೋಶಗಳ ಸಲುವಾಗಿ ಅದನ್ನು ತೊಡೆಯಲೇಬೇಕು. ತೊಡೆದ ದಿನ ಅದರ ಹಿಂದೆ ಅಡಗಿದ್ದ ಬಿಸಿಲು ಹೊರಬೀಳುತ್ತದೆಂಬುದನ್ನೂ ಮೊದಲೇ ತಿಳಿದು ಸಿದ್ಧವಾಗಿರಬೇಕು.

ನಗರವು ತನ್ನ ಕೈಯಾರೆ ಕೂಡಿಸಿಕೊಂಡ ಶಾಖವು ಇದರ ಮೇಲಿನದು. 1950ರಿಂದ 2018ರೊಳಗೆ ಲೋಕದ ಕೆಲವು ಮಹಾನಗರಗಳ ಉಷ್ಣಮಾನವು ಏರಿದ ಪ್ರಮಾಣವನ್ನು ಅದೇ ಐ.ಪಿ.ಸಿ.ಸಿ. ವರದಿಯು ಹೋಲಿಸಿ ನೋಡಿದಾಗ, ಪಟ್ಟಿಯ ತಲೆಯಲ್ಲಿ ನಿಂತದ್ದು ಕಲ್ಕತ್ತೆ: 2.6 ಡಿಗ್ರಿ. ಇಟ್ಟಿಗೆ, ಕಾಂಕ್ರೀಟು, ಡಾಂಬರುಗಳು ಹಗಲು ನುಂಗಿದ್ದನ್ನು ಇರುಳು ನಿಧಾನವಾಗಿ ಹೊರಬಿಡುತ್ತವೆ. ಆದುದರಿಂದ ನಗರದ ಪಾಲಿನ ಶಾಖವು ಹಗಲಿಗಿಂತ ಇರುಳನ್ನೇ ಹೆಚ್ಚಾಗಿ ಪೀಡಿಸುತ್ತದೆ. ಗರಿಯಾಹಾಟಿನ ಸುತ್ತುಮುತ್ತ ಹಳೆಯ ಎರಡು ಮಹಡಿಯ ಮನೆಗಳು, ಅವುಗಳ ಹಸಿರು ಬಣ್ಣದ ಅಡ್ಡಪಟ್ಟಿಯ ಕಿಟಕಿಗಳು, ತಂಪಾದ ಕೆಂಪು ನೆಲ, ಹಿತ್ತಲಿನ ಮಾವಿನ ಮರ, ಬಡಾವಣೆಯ ಕೊಳ ಇವೆಲ್ಲ ಒಂದೊಂದಾಗಿ ಅಳಿದು ಅವುಗಳ ಸ್ಥಾನದಲ್ಲಿ ಗಾಜು ಹಚ್ಚಿದ ಎತ್ತರದ ಕಟ್ಟಡಗಳು ಎದ್ದಿವೆ. 2020ರ ಮೇ 20ರಂದು ಬೀಸಿದ ಅಂಫಾನ್ ಚಂಡಮಾರುತವು ನಗರದ ಸಾವಿರಾರು ಮರಗಳನ್ನು ಉರುಳಿಸಿತು. ಇಲ್ಲಿಗೆ ಸಮೀಪದ ರವೀಂದ್ರ ಸರೋವರದ ದಂಡೆಯ ಮರಗಳೂ ಅವುಗಳಲ್ಲಿ ಸೇರಿದ್ದವು. ಊರಿನ ಪೂರ್ವದಂಚಿನಲ್ಲಿ, ಸುಮಾರು 125 ಚದರ ಕಿಲೋಮೀಟರುಗಳಷ್ಟು ಹರಡಿ, ನಗರದ ಕೊಳೆನೀರಿನಿಂದಲೇ ಮೀನು ತರಕಾರಿಗಳನ್ನು ಬೆಳೆಯುವ ಜೌಗುಭೂಮಿಯೊಂದಿದೆ. 2002ರಲ್ಲಿ, ಜೌಗುಭೂಮಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ರಕ್ಷಣೆಯನ್ನು ಪಡೆದ ಆ ನೀರಹರಹನ್ನು ಇನ್ನು ಒಂದು ಗೇಣೂ ಮುಚ್ಚಗೊಡಬಾರದೆಂಬುದು ಕೇವಲ ಪಕ್ಷಿಪ್ರಿಯರ ಹಟವೆಂದು ಯಾರೂ ತಿಳಿಯದಿರಲಿ.

ಪರಿಹಾರದ ಮಾರ್ಗಗಳು ನಮಗೆ ತಿಳಿಯದವಲ್ಲ. ಅಹಮದಾಬಾದ್ ನಗರದಲ್ಲಿ 2010ರ ಮೇ ತಿಂಗಳಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ ಮೇಲೆ, 2013ರಲ್ಲಿ ಆ ನಗರವು ದಕ್ಷಿಣ ಏಷ್ಯಕ್ಕೇ ಮೊದಲನೆಯದಾದ ಉಷ್ಣ ಕಾರ್ಯಯೋಜನೆಯನ್ನು ರಚಿಸಿತು: ಮುನ್ನೆಚ್ಚರಿಕೆಯ ಬಣ್ಣಗಳು, ಆಸ್ಪತ್ರೆಗಳ ಸಿದ್ಧತೆ, ನೀರಿನ ಏರ್ಪಾಡು, ಬಡವರ ಮಾಡುಗಳಿಗೆ ಬಿಳಿಯ ಬಣ್ಣ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರ ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯಿದೆ. ಬಿಸಿಲನ್ನು ಗದರಿಸಲಾಗದು, ಅದರ ಹೊತ್ತಿಗೆ ದಾರಿಬಿಟ್ಟು ನಾವು ಬದಿಗೆ ನಿಲ್ಲಬೇಕೆಂಬ ತಿಳಿವಳಿಕೆ ಆ ಪದ್ಧತಿಯಲ್ಲಿದೆ. ದಾರಿಗರಿಗೆ ಅರವಟ್ಟಿಗೆಯನ್ನಿಡುವುದು ಕೆರೆ ಕಟ್ಟಿಸುವುದಕ್ಕೆ ಸಮಾನವಾದ ಪುಣ್ಯವೆಂದು ನಮ್ಮ ಶಾಸನಗಳ ಕಾಲದಿಂದ ನಂಬಿಬಂದಿದ್ದೇವೆ. ಬಂಗಾಳದವರೂ ವೈಶಾಖದಲ್ಲಿ ಜಲಸತ್ರಗಳನ್ನಿಟ್ಟು ನೀರು, ಬೆಲ್ಲ, ನೆನೆಸಿದ ಕಡಲೆ ಕೊಡುವುದುಂಟು. ಅಂಬಲಿ ಮಜ್ಜಿಗೆಗಳನ್ನು ಕುಡಿದು ಹೊಲಕ್ಕೆ ಹೋಗುವ ನಮ್ಮ ರೈತನೂ, ನೀರಿನಲ್ಲಿ ನೆನೆದ ಹಿಂದಿನ ರಾತ್ರಿಯ ಪಾಂತಾಭಾತ್ ಉಂಡು ಗಾಡಿ ಹತ್ತುವ ಇಲ್ಲಿಯ ಹಾಕರೂ ಒಂದೇ ವಿದ್ಯೆಯನ್ನು ಕಲಿತವರು.

ಆದರೆ ಈ ವಿದ್ಯೆಗಳೆಲ್ಲ ಹಗಲಿನ ಬಿಸಿಲಿಗೆ ತಕ್ಕವು. ಬೆಳಗ್ಗೆ ಬೇಗ ಕೆಲಸ ಮುಗಿಸಿ ಮಧ್ಯಾಹ್ನ ಬಾಗಿಲು ಹಾಕಿಕೊಳ್ಳೆಂದು ಗರಿಯಾಹಾಟಿನ ಹಾಕರಿಗೆ ಹೇಳಿ ಫಲವಿಲ್ಲ, ಅವನ ವ್ಯಾಪಾರವಿರುವುದೇ ಸಂಜೆಯಿಂದ ರಾತ್ರಿಯವರೆಗೆ. ಅವನಿಗೆ ಬೇಕಾಗಿರುವುದು ಬೇರೆ ಬಗೆಯ ಯೋಜನೆ. ಹವಾಮಾನ ಇಲಾಖೆಯು 2023ರಿಂದ ತೇವಾಂಶವನ್ನೂ ಕೂಡಿಸಿದ ಉಷ್ಣ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಪ್ರಕಟಿಸುತ್ತಿದೆ. ಬಿಸಿಯಾದ ಇರುಳುಗಳ ಎಚ್ಚರಿಕೆಯನ್ನೂ ಕೊಡುತ್ತಿದೆ. ಆ ಎಚ್ಚರಿಕೆಯ ನಿಯಮವು ಹಗಲಿನ ಉಷ್ಣಮಾನವು 40ನ್ನು ಮುಟ್ಟಿರಬೇಕೆಂದು ಕೇಳುತ್ತದೆ. ತೇವದ ಸೀಮೆಗಳ ಮಟ್ಟಿಗೆ ಆ ಷರತ್ತನ್ನು ಸಡಿಲಿಸಬೇಕು. ಎಚ್ಚರಿಕೆ ಹೊರಟ ದಿನ ಪುರಸಭೆಯ ಶಾಲೆಗಳ, ಸಮುದಾಯ ಭವನಗಳ ಒಂದೆರಡು ವಿಶಾಲವಾದ ಕೋಣೆಗಳನ್ನು ಬೀಸಣಿಗೆ, ಕುಡಿಯುವ ನೀರುಗಳೊಡನೆ ಇರುಳೆಲ್ಲ ತೆರೆದಿಡಬೇಕು. ಕೊನೆಯ ಗಾಡಿಯನ್ನು ಹಿಡಿದು ಸುಡುವ ಮಾಡಿನ ಕೆಳಕ್ಕೆ ಹೋಗಲಾರದವನು ಅಲ್ಲಿ ಮಲಗಲಿ. ತಗಡಿನ ಮಾಡುಗಳ ಮೇಲ್ಮೈಗೆ ವರ್ಷಕ್ಕೊಮ್ಮೆ, ಚೈತ್ರ ಸೇಲ್ ಮೊದಲಾಗುವ ಮುನ್ನ, ಸುಣ್ಣವನ್ನು ಬಳಿಸುವುದು ಮಹಾ ವೆಚ್ಚದ ಕಾರ್ಯವೇನಲ್ಲ. ಸಾವಿನ ದಾಖಲೆಯಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡದ ರೋಗವೆಂದೋ ಬರೆದು ಮುಗಿಸುವಾಗ, ಹಿಂದಿನ ಮೂರು ಇರುಳುಗಳ ಉಷ್ಣಮಾನವನ್ನೂ ಮಗ್ಗುಲಲ್ಲಿ ಬರೆಯುವ ಪರಿಪಾಟಿಯನ್ನು ವೈದ್ಯರು ಹಾಕಿಕೊಂಡರೆ, ಇನ್ನು ಹತ್ತು ವರ್ಷಗಳಲ್ಲಿ ನಮ್ಮ ಬಳಿ ಈಗ ಇಲ್ಲದ ಒಂದು ಲೆಕ್ಕವು ಸಿದ್ಧವಾಗುತ್ತದೆ. ಈ ಶತಮಾನದ ಕೊನೆಯ ಹೊತ್ತಿಗೆ, ಹೊಗೆಯುಗುಳುವುದನ್ನು ಲೋಕವು ಕಡಿಮೆಮಾಡದೆ ಹೋದರೆ, ನಮ್ಮ ದೇಶದ ಬೇಸಗೆಯ ಉಷ್ಣ ಅಲೆಗಳು 1976ರಿಂದ 2005ರವರೆಗೆ ಇದ್ದುದರ ಮೂರು ನಾಲ್ಕು ಪಾಲು ಆಗುವುವೆಂದು ಮೇಲೆ ಹೇಳಿದ ಮಂತ್ರಾಲಯದ ವರದಿಯು ಎಣಿಸಿದೆ. ಆ ಎಣಿಕೆಯ ಜೊತೆಗೆ ಇರುಳುಗಳನ್ನೂ ನಾವು ನೋಡಬೇಕು. ಅಲಿಪುರದ ದಿನಚರಿಯಲ್ಲಿ ಪ್ರತಿ ಬೆಳಗ್ಗೆ ಬರೆಯುವ ಕನಿಷ್ಠ ಉಷ್ಣಮಾನದ ಅಂಕಿಯೊಂದಿದೆ. ವಾರ್ತೆಗಳಲ್ಲಿ ಗರಿಷ್ಠದ ಜೊತೆಗೆ ಅದನ್ನೂ, ಅದರ ವಾಡಿಕೆಯ ಪ್ರಮಾಣವನ್ನೂ ಓದುವುದಕ್ಕೆ ಬಾನುಲಿಯವರಿಗೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ, ಮತ್ತು ಆ ಕಾರ್ಯವನ್ನು ಈ ಬೇಸಗೆಯಿಂದಲೇ ಆರಂಭಿಸಬಹುದು.